ಎರಡನೆಯ ಬ್ರೇಕು

ಬೆಳಗಾದರೆ ಸಾಕು, ನನ್ನ ತಲೆಯ ಮೇಲೆ ಒಬ್ಬರು ಬ್ರೇಕು ಒತ್ತತೊಡಗುತ್ತಾರೆ. ಹೇಳಿದರೆ ಯಾರೂ ನಂಬುವುದಿಲ್ಲ, ಆದ್ದರಿಂದ ಬಿಡಿಸಿಯೇ ಹೇಳುತ್ತೇನೆ. ಮೇಲಿನ ಮಹಡಿಯಲ್ಲಿ ನನ್ನ ಅಕ್ಕ, ಭಾವ, ಅವರ ಇಬ್ಬರು ಮಕ್ಕಳು. ಕೆಳಗಿನ ಒಂದು ಕೋಣೆಯಲ್ಲಿ ನಾನು ಮತ್ತು ನನ್ನ ವಿಮೆಯ ಕಾಗದಗಳು. ಭಾವ ಮನೆಯಲ್ಲಿದ್ದಷ್ಟು ಹೊತ್ತು ಧಡ್, ಧಡ್ ಎಂದು ನನ್ನ ಸೂರು ಅದುರುತ್ತದೆ, ಸುಣ್ಣದ ಪುಡಿ ಉದುರಿ ಚಹಾದ ಲೋಟಕ್ಕೆ ಬೀಳುತ್ತದೆ. ಅದನ್ನು ಊದಿ ಕುಡಿಯುವುದು ನನಗೀಗ ಅಭ್ಯಾಸವಾಗಿದೆ.

ಭಾವ ಡ್ರೈವಿಂಗ್ ಸ್ಕೂಲಿನ ಮೇಷ್ಟರು. ಆ ಕಾರುಗಳನ್ನು ನೀವೂ ನೋಡಿರುತ್ತೀರಿ: ನೆತ್ತಿಯ ಮೇಲೊಂದು ಹಲಗೆ, ಒಳಗೆ ಬೆವರುತ್ತಿರುವ ಒಬ್ಬ ಪ್ರಾಣಿ, ಹಿಂದೆ ಹಾರನ್ ಹೊಡೆಯುತ್ತ ಶಾಪ ಹಾಕುವ ನಾಲ್ಕು ಜನ. ಅದರಲ್ಲಿ ಕಲಿಯುವವರ ಕಾಲಡಿ ಒಂದು ಬ್ರೇಕು, ಪಕ್ಕದಲ್ಲಿ ಕೂರುವ ಮೇಷ್ಟರ ಕಾಲಡಿ ಇನ್ನೊಂದು. ಎದುರಿಗೆ ಗೋಡೆ ಬಂದಾಗ ಕಲಿಯುವವರು "ಸಾರ್, ಈಗ ಏನ್ ಮಾಡ್ಲಿ" ಎಂದು ವಿನಯದಿಂದ ಕೇಳುವಷ್ಟರಲ್ಲಿ ಭಾವ ತಮ್ಮದನ್ನು ಒತ್ತಿ ಆಗಿರುತ್ತದೆ. ವರ್ಷಾನುಗಟ್ಟಲೆ ಹೀಗೆ ಒತ್ತಿ ಒತ್ತಿ ಅವರ ಬಲಗಾಲಿಗೆ ಸ್ವಂತ ಬುದ್ಧಿ ಬಂದುಬಿಟ್ಟಿದೆ. ತಲೆಗೆ ಬರಬೇಕಾದದ್ದು ಕಾಲಿಗೆ ಬಂತು ಎಂದು ಅಕ್ಕ ಹೇಳುತ್ತಾಳೆ, ನಾನಲ್ಲ.

ಆ ಕಾಲು ಮನೆಗೆ ಬಂದರೂ ಕೆಲಸ ಬಿಡುವುದಿಲ್ಲ. ಚಿಕ್ಕವನು ಗುಂಡ ಕುರ್ಚಿ ಹತ್ತಿದರೆ ಧಡ್. ದೊಡ್ಡವಳು ಹಾಲಿನ ಲೋಟ ವಾಲಿಸಿದರೆ ಧಡ್. ಕೆಳಗೆ ಕೂತೇ ನಾನು ಮೇಲಿನ ಸಂಸಾರವನ್ನು ಅರ್ಥ ಮಾಡಿಕೊಳ್ಳಬಲ್ಲೆ. ಸಣ್ಣ ಧಡ್ ಆದರೆ ಏನೋ ಚೆಲ್ಲಿದೆ. ಒತ್ತಿ ಹಿಡಿದ ಧಡ್ ಆದರೆ ಗುಂಡ ಕಿಟಕಿಯ ಸರಳು ಹತ್ತಿದ್ದಾನೆ, ಇನ್ನೂ ಇಳಿದಿಲ್ಲ. ಬಿಡದೆ ಕುಟ್ಟಿದಂತೆ ಕೇಳಿಸಿದರೆ ಇಬ್ಬರೂ ಮಂಚದ ಮೇಲೆ ಕುಣಿಯುತ್ತಿದ್ದಾರೆ. ಇಷ್ಟು ಒತ್ತಿಯೂ ಈವರೆಗೆ ಒಂದು ಲೋಟವೂ ನಿಂತಿಲ್ಲ, ಒಬ್ಬ ಗುಂಡನೂ ಇಳಿದಿಲ್ಲ ಎಂಬುದು ಬೇರೆ ಮಾತು. ಭಯ ಮಾರುವುದು ನನ್ನ ಕಸುಬು. "ಏನಾದ್ರೂ ಆಗ್ಬಿಟ್ರೆ" ಎಂಬ ಒಂದೇ ಮಾತಿನ ಮೇಲೆ ನನ್ನ ಹೊಟ್ಟೆ ನಡೆಯುತ್ತದೆ. ಭಾವನಿಗೆ ಮಾತ್ರ ನಾನು ಏನನ್ನೂ ಮಾರಲು ಹೋಗಲಿಲ್ಲ, ಅವರ ಹತ್ತಿರ ಸ್ವಂತ ದಾಸ್ತಾನೇ ಬೇಕಾದಷ್ಟಿತ್ತು.

ಅಕ್ಕ ಆಸ್ಪತ್ರೆಯ ಲ್ಯಾಬಿನಲ್ಲಿ ರಕ್ತ ತೆಗೆಯುವವಳು. ಜನ ಬರಿಹೊಟ್ಟೆಯಲ್ಲಿ ಬಂದು ಸಾಲು ನಿಲ್ಲುವ ಮೊದಲೇ ಅವಳು ಅಲ್ಲಿರಬೇಕು. ಆದ್ದರಿಂದ ಮನೆಯ ಮುಂಜಾವುಗಳೆಲ್ಲ ಭಾವನ ಪಾಲಿಗೆ. ಒಂದು ಬೂಟು ಸಿಕ್ಕರೆ ಇನ್ನೊಂದು ಸಿಗುವುದಿಲ್ಲ. ಸಿಕ್ಕಾಗ ಅದರೊಳಗೆ ಗುಂಡ ಬಚ್ಚಿಟ್ಟ ಬ್ರೆಡ್ಡಿನ ಚೂರಿರುತ್ತದೆ. ಮೊಟ್ಟೆಯ ತುಂಡು ಹಿಡಿದು ಅವನ ಮುಂದೆ ಮಂಡಿಯೂರಿ ಭಾವ ಬೇಡುವುದು ಕೆಳಗಿನವರೆಗೂ ಕೇಳಿಸುತ್ತದೆ: "ಬಾಯಿ ತೆಗೆಯೋ ರಾಜ. ಲೈಸೆನ್ಸಿಗೆ ಬಂದವರ ಹತ್ರಾನೂ ನಾನು ಇಷ್ಟು ಗೋಗರೆಯಲ್ಲ ಕಣೋ." ರಾಜ ಬಾಯಿ ತೆಗೆದು, ಮೊಟ್ಟೆ ಹಾಕಿಸಿಕೊಂಡು, ಕೆನ್ನೆಯಲ್ಲಿಟ್ಟುಕೊಂಡು ಶಾಲೆಯ ಗೇಟಿನವರೆಗೂ ಹಾಗೆಯೇ ಕಾಪಾಡುತ್ತಾನೆ.

ಆಮೇಲೆ ಜಡೆ. ಊರಿಗೆಲ್ಲ ಸ್ಟಿಯರಿಂಗ್ ನೆಟ್ಟಗೆ ಹಿಡಿಯಲು ಕಲಿಸುವ ಭಾವನಿಗೆ ಮಗಳ ಬೈತಲೆ ನೆಟ್ಟಗೆ ತೆಗೆಯಲು ಬರುವುದಿಲ್ಲ. ಒಂದು ಜಡೆ ಪೂರ್ವಕ್ಕೆ ಹೊರಟರೆ ಇನ್ನೊಂದು ಪಶ್ಚಿಮಕ್ಕೆ. ಅವಳು ಕನ್ನಡಿಯಲ್ಲಿ ನೋಡಿ, "ಬಲಗಡೆದು ಪರವಾಗಿಲ್ಲ. ಎಡಗಡೆದು ಬಿಚ್ಚು" ಎನ್ನುತ್ತಾಳೆ. ಎರಡನೆಯ ತರಗತಿಯ ಹುಡುಗಿ, ಆದರೆ ಮುಖದಲ್ಲಿ ಮೇಲ್ಮನವಿಗೂ ಅವಕಾಶವಿಲ್ಲದಂಥ ಗಾಂಭೀರ್ಯ. ಅದಕ್ಕೇ ನಾನು ಅವಳಿಗೆ ಜಡ್ಜಮ್ಮ ಎಂದು ಹೆಸರಿಟ್ಟಿದ್ದೇನೆ. ಭಾವ ಬಾಯಲ್ಲಿ ರಿಬ್ಬನ್ನು ಕಚ್ಚಿಕೊಂಡು ಮತ್ತೆ ಹೆಣೆಯುತ್ತಾರೆ. ಹೆತ್ತವರಿಗೆ ಹೆಗ್ಗಣ ಮುದ್ದು ಅನ್ನುತ್ತಾರೆ. ಈ ಮನೆಯಲ್ಲಿ ಹೆಗ್ಗಣಕ್ಕೆ ಹೆತ್ತವರೇ ಮುದ್ದೋ ಏನೋ, ಅವಳೂ ತಾಳ್ಮೆಯಿಂದ ಕೂತು ತಲೆ ಕೊಡುತ್ತಿದ್ದಳು.

ಮಧ್ಯಾಹ್ನ ಭಾವ ಕೆಲವೊಮ್ಮೆ ಆ ಹಲಗೆ ಹೊತ್ತ ಕಾರಿನಲ್ಲೇ ಮಕ್ಕಳನ್ನು ಶಾಲೆಯಿಂದ ಕರೆತರುತ್ತಿದ್ದರು. ಸ್ಟಿಯರಿಂಗ್ ಹಿಡಿದವರು ಯಾರೋ ಕಲಿಯುವವರು, ಹಿಂದಿನ ಸೀಟಿನಲ್ಲಿ ಈ ಇಬ್ಬರು. ಒಮ್ಮೆ ಹೀಗೆ ಬ್ಯಾಂಕಿನ ಮೇಡಂ ಒಬ್ಬರ ಕೊನೆಯ ಪಾಠ ನಡೆದಿತ್ತು. ಕೊನೆಯ ಪಾಠಕ್ಕೆ ಭಾವನದೊಂದು ಪದ್ಧತಿಯಿದೆ. ಅಂದು ಅವರು ಬೂಟು ಬಿಚ್ಚಿ, ಸೀಟಿನ ಮೇಲೆ ಎರಡೂ ಕಾಲು ಮಡಚಿ ಚಕ್ಕಳಮಕ್ಕಳ ಹಾಕಿ ಕೂರುತ್ತಾರೆ. ನನ್ನ ಬ್ರೇಕು ಇನ್ನು ನಿಮಗಿಲ್ಲ, ನಿಮ್ಮದನ್ನೇ ನಂಬಿ ಎಂದು ಅದರ ಅರ್ಥ. ಮಧ್ಯೆ ಎಲ್ಲಾದರೂ ಹೆದರಿಕೆಯಾಗಿ ಕಾಲು ಕೆಳಗಿಳಿದರೆ ಪಾಠ ಮುಗಿದಂತಲ್ಲ. "ಕಾಲು ಇಳೀತು. ಇನ್ನೊಂದು ಸಲ" ಎನ್ನುತ್ತಾರೆ, ಅಷ್ಟೇ. ಮೇಡಂ ಅಂದು ಪಾಸಾದರು. ಜಡ್ಜಮ್ಮ ಹಿಂದಿನ ಸೀಟಿನಿಂದ ಕತ್ತು ಚಾಚಿ ಎಲ್ಲವನ್ನೂ ನೋಡಿದ್ದಳು.

ಇಂಥ ಮನೆಗೆ ಒಂದು ಸೈಕಲ್ಲು ಬಂತು. ಅಕ್ಕನ ಲ್ಯಾಬಿನವರು ಯಾರೋ ತಮ್ಮ ಮಗಳಿಗೆ ಚಿಕ್ಕದಾಯಿತೆಂದು ಕೊಟ್ಟದ್ದು, ನೀಲಿ ಬಣ್ಣದ್ದು. ಬುದ್ಧಿ ಇರುವ ಅಪ್ಪಂದಿರು ಏನು ಮಾಡುತ್ತಾರೆ? ಸೀಟು ಹಿಡಿದುಕೊಂಡು ನಾಲ್ಕು ದಿನ ಓಡುತ್ತಾರೆ, ಆಮೇಲೆ ಹೇಳದೆ ಕೈ ಬಿಡುತ್ತಾರೆ. ನಮ್ಮ ಭಾವ ಸೈಕಲ್ಲನ್ನು ರಿಪೇರಿ ಅಂಗಡಿಗೆ ಹೊತ್ತುಕೊಂಡು ಹೋಗಿ, ಹಿಂದಿನ ಚಕ್ರಕ್ಕೆ ಎರಡನೆಯ ಬ್ರೇಕು ಹಾಕಿಸಿದರು. ಉದ್ದನೆಯ ತಂತಿ, ಅದರ ತುದಿಗೆ ಹಳೆಯ ಸ್ಕೂಟರಿನ ಹಿಡಿ, ಹಿಡಿ ಭಾವನ ಕೈಯಲ್ಲಿ. ಅವಳು ತುಳಿಯುತ್ತ ಮುಂದೆ ಹೋಗುವುದು, ಇವರು ಹಿಡಿ ಹಿಡಿದು ಹಿಂದೆ ಓಡುವುದು. ಅಂಗಡಿಯವನು ತಂತಿ ಬಿಗಿಯುತ್ತ, "ಸಾರ್, ಇದು ಸೈಕಲ್ಲೋ ಗಾಳಿಪಟಾನೋ" ಎಂದು ಕೇಳಿದನಂತೆ.

ಬೀದಿಯಲ್ಲಿ ಆ ಮೆರವಣಿಗೆ ಹೊರಟಾಗ ನಾನು ಬಾಗಿಲ ಮೆಟ್ಟಿಲ ಮೇಲೆ ಕೂತು ಹೊಟ್ಟೆ ಹಿಡಿದುಕೊಂಡು ನಕ್ಕೆ. ಇಸ್ತ್ರಿ ಅಂಗಡಿಯವನು ಪೆಟ್ಟಿಗೆ ಎತ್ತಿಟ್ಟು ನೋಡಿದ. ಎದುರು ಮನೆಯ ಮಕ್ಕಳು ಸಾಲಾಗಿ ಗೋಡೆಗೆ ಆತುಕೊಂಡು ನಿಂತರು. ಜಡ್ಜಮ್ಮ ಮಾತ್ರ ಯಾರನ್ನೂ ನೋಡದೆ ಹಲ್ಲು ಕಚ್ಚಿ ತುಳಿದಳು. ದಿನ ಕಳೆದಂತೆ ಓಲಾಟ ನಿಂತಿತು, ಚಕ್ರ ನೇರವಾಯಿತು. ಒಂದು ಸಂಜೆ ಅವಳು ನಿಜವಾಗಿಯೂ ಹೊರಟುಬಿಟ್ಟಳು. ಭಾವ ಏದುಸಿರು ಬಿಡುತ್ತ ಹಿಂದೆ. ಆಗ ಬೀದಿಯ ಆ ತುದಿಯಲ್ಲಿ, ದೂರದಲ್ಲಿ, ಒಂದು ಹಾಲಿನ ವ್ಯಾನು ತಿರುಗಿತು. ಅದು ಬರುತ್ತಿರಲಿಲ್ಲ, ಹೋಗುತ್ತಿತ್ತು. ಆದರೆ ಬುದ್ಧಿವಂತ ಬಲಗಾಲಿಗೆ ಈಗ ಕೈಯ ಸಹಾಯವೂ ಇತ್ತಲ್ಲ. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು. ಅವಳು ಜೋರಾಗಿ ತುಳಿದಳು, ಇವರು ಜೋರಾಗಿ ಒತ್ತಿದರು, ಚಕ್ರ ಕಚ್ಚಿಕೊಂಡು ಹುಡುಗಿ ಹೋಗಿ ರಸ್ತೆಯ ಮೇಲೆ ಬಿದ್ದಳು.

ಮೊಣಕೈ ತರಚಿತ್ತು, ಗಲ್ಲದಿಂದ ರಕ್ತ ಬರುತ್ತಿತ್ತು. ಗೋಡೆಯ ಮಕ್ಕಳು ನಕ್ಕರು. ಭಾವ ತಂತಿ ಕಾಲಿಗೆ ಸುತ್ತಿಕೊಂಡು ಎಡವುತ್ತ ಓಡಿ ಬಂದು, "ಬಿದ್ಯಾ ಮಗಳೇ" ಎಂದರು.

ಅವಳು ಅಳಲಿಲ್ಲ. "ನಾನು ಬೀಳಲಿಲ್ಲ. ನೀನು ಬೀಳಿಸಿದೆ" ಎಂದಳು.

ಅಂದು ರಾತ್ರಿ ಊಟಕ್ಕೆ ಕೂತಾಗ ಅಕ್ಕ ಗಂಡನ ಮೇಲೆ ರೇಗಲಿಲ್ಲ. ಗಲ್ಲಕ್ಕೆ ಪಟ್ಟಿ ಹಾಕಿ, "ಸೂಜಿ ಚುಚ್ಚೋವಾಗ ನನ್ನ ಕೈ ನಡುಗಿದ್ರೆ ಏನಾಗುತ್ತೆ ಗೊತ್ತಾ ನಿಮ್ಗೆ" ಎಂದು ಒಂದೇ ಮಾತು ಕೇಳಿದಳು.

ಮಾರನೆಯ ದಿನದಿಂದ ನನ್ನ ಸೂರು ಸುಮ್ಮನಾಯಿತು. ಗುಂಡ ಕುರ್ಚಿ ಹತ್ತಿ ಧುಮುಕುವ ಸದ್ದು ಕೇಳಿಸುತ್ತದೆ, ಅದರ ಹಿಂದೆ ಬರಬೇಕಾದ ಧಡ್ ಬರುವುದಿಲ್ಲ. ಚಹಾದಲ್ಲಿ ಸುಣ್ಣವಿಲ್ಲ. ಇಷ್ಟು ವರ್ಷ ಬೇಡಿಕೊಂಡದ್ದು ಸಿಕ್ಕಿತು, ನಾನು ಕುಣಿಯಬೇಕಿತ್ತು. ಕುಣಿಯಲಿಲ್ಲ, ಬೇಜಾರಾಯಿತು. ಜಡ್ಜಮ್ಮ ಈಗ ಹಿಂದಿನ ಸಂಜೆಯೇ ಅಮ್ಮನ ಕೈಯಲ್ಲಿ ಜಡೆ ಹಾಕಿಸಿಕೊಂಡು ಮಲಗುತ್ತಿದ್ದಳು, ಬೆಳಿಗ್ಗೆ ಅಪ್ಪನಿಗೆ ತಲೆ ಕೊಡುವ ಪ್ರಮೇಯವೇ ಬರದಂತೆ. ಭಾವ ಬಾಚಣಿಗೆ ಹಿಡಿದು ಗುಂಡನ ತಲೆಯನ್ನೇ ಎರಡೆರಡು ಸಲ ಬಾಚುತ್ತಿದ್ದರು. ಒಂದು ದಿನ ಕೆಳಗೆ ಬಂದು ನನ್ನ ಮಂಚದ ಮೇಲೆ ಕೂತು ಹೇಳಿದರು: "ಕೈಕಾಲು ನಡುಗೋರಿಗೆಲ್ಲಾ ಕಲಿಸಿದೀನಿ ಕಣೋ. ನನ್ನ ಮಗಳಿಗೆ ನಾನು ಬೇಡವಾದೆ." ನಾನು ಬಾಯಿಗೆ ಬಂದ ಕುಹಕವನ್ನು ನುಂಗಿಕೊಂಡೆ. ಅದು ನನಗೆ ಸುಲಭದ ಕೆಲಸವಲ್ಲ.

ಮುಂದಿನ ರಜೆಯ ದಿನ ಜಡ್ಜಮ್ಮ ನನ್ನ ಕೋಣೆಗೆ ಬಂದಳು. ಗಲ್ಲದ ಗಾಯ ಒಣಗಿತ್ತು.

"ಮಾವ, ನಂಗೆ ಸೈಕಲ್ ಕಲಿಸು."

"ನಂಗೆ ಬರಲ್ಲ."

"ಇಷ್ಟು ದೊಡ್ಡೋನಾಗಿ?"

"ಬರಲ್ಲ ಅಂದ್ನಲ್ಲ. ನಿಮ್ಮಪ್ಪನ್ನ ಕೇಳು."

"ಅಪ್ಪ ಬೇಡ. ಅಪ್ಪಂಗೆ ನಾನು ಬೀಳ್ತೀನಿ ಅಂತಾನೇ ಅನ್ಸೋದು."

ಬಾಗಿಲಲ್ಲಿ ಭಾವ ನಿಂತಿದ್ದರು. ಮಗಳ ಬೆನ್ನಿಗೇ ಇಳಿದು ಬಂದಿದ್ದಿರಬೇಕು. ಅವರು ಒಳಗೆ ಬರಲಿಲ್ಲ, ಅಲ್ಲಿಂದಲೇ, "ಹೌದು, ಹಾಗೇ ಅನ್ಸುತ್ತೆ. ಏನ್ ಮಾಡ್ಲಿ ಹೇಳು" ಎಂದರು.

ಅವಳು ತಿರುಗಿ ಅವರನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. "ಆ ಬ್ಯಾಂಕ್ ಆಂಟಿಗೆ ಕಾಲು ಮಡಚಿ ಕೂತಿದ್ದೆ."

"ಅವ್ರು ಕಲಿತಿದ್ರು ಮಗಳೇ."

"ನೀನು ಬ್ರೇಕ್ ಹಾಕೋವರೆಗೂ ನಾನೂ ಕಲಿತಿದ್ದೆ."

ಭಾವ ಹೋಗಿ ಇಕ್ಕಳ ತಂದು, ಮೆಟ್ಟಿಲ ಬಳಿ ಕೂತು, ತಾವೇ ಹಾಕಿಸಿದ ತಂತಿಯನ್ನು ತಾವೇ ಕತ್ತರಿಸಿದರು. ಆಮೇಲೆ ಚಪ್ಪಲಿ ಬಿಟ್ಟು, ಮನೆಯ ಮುಂದಿನ ಕಲ್ಲಿನ ಕಟ್ಟೆ ಹತ್ತಿ, ಬೀದಿಯವರೆಲ್ಲ ನೋಡುತ್ತಿರುವಂತೆ ಎರಡೂ ಕಾಲು ಮಡಚಿ ಕೂತರು. ಮೇಲಿನ ಕಿಟಕಿಯಲ್ಲಿ ಗುಂಡನನ್ನು ಎತ್ತಿಕೊಂಡ ಅಕ್ಕ. ಕಟ್ಟೆಯ ಪಕ್ಕದಲ್ಲಿ, ಆಡಿಕೊಳ್ಳಲು ಸಿದ್ಧನಾಗಿ, ನಾನು.

ಜಡ್ಜಮ್ಮ ಹೊರಟಳು. ಮೊದಲು ಸ್ವಲ್ಪ ಓಲಾಡಿದಳು. ಭಾವ ಎರಡೂ ಕೈಯಿಂದ ತಮ್ಮ ಬಲಪಾದವನ್ನು ಹಿಡಿದುಕೊಂಡರು, ಓಡಿಹೋಗುವ ಕೋಳಿಯನ್ನು ಹಿಡಿದಂತೆ. ಅವಳು ಇಸ್ತ್ರಿ ಅಂಗಡಿ ದಾಟಿದಳು, ರಿಪೇರಿ ಅಂಗಡಿ ದಾಟಿದಳು, ತಿರುವಿನಲ್ಲಿ ಬಾಗಿ ಕಾಣದಾದಳು. ಕಾಣದಿದ್ದ ಹೊತ್ತು ದೊಡ್ಡದೇನಲ್ಲ. ಆದರೆ ಭಾವನ ಹಣೆಯಿಂದ ಬೆವರು ಇಳಿದು ಮೂಗಿನ ತುದಿಯಲ್ಲಿ ನಿಂತಿತು, ಒರೆಸಿಕೊಳ್ಳಲು ಕೈ ಖಾಲಿ ಇರಲಿಲ್ಲ. "ಬರ್ತಾಳೆ ಬಿಡಿ ಭಾವ" ಎಂದೆ.

ಬಂದಳು. ಮನೆಗಳ ಸಾಲನ್ನು ಸುತ್ತಿ ಬೀದಿಯ ಇನ್ನೊಂದು ತುದಿಯಿಂದ, ನೇರವಾಗಿ, ಬೆನ್ನು ನಿಮಿರಿಸಿ. ಅವಳು ನಮಗೆ ಇನ್ನೇನು ಹತ್ತಿರವಾಗಬೇಕು, ಪಕ್ಕದ ಓಣಿಯಿಂದ ಒಂದು ಸ್ಕೂಟರು ಬುರ್ರನೆ ನುಗ್ಗಿತು. ನನ್ನ ಪಕ್ಕದಲ್ಲೇ, ಕಟ್ಟೆಯ ಕೆಳಗೆ, ಧಡ್ ಎಂದಿತು. ಅವಳು ತನ್ನ ಬ್ರೇಕನ್ನು ತಾನೇ ಹಿಡಿದು, ಒಂದು ಕಾಲು ನೆಲಕ್ಕೂರಿ ನಿಂತು, ಸ್ಕೂಟರಿಗೆ ದಾರಿ ಬಿಟ್ಟಳು. ಅದು ಹೋದ ಮೇಲೆ ನಿಧಾನವಾಗಿ ತುಳಿದುಕೊಂಡು ಬಂದು ಕಟ್ಟೆಯ ಮುಂದೆ ನಿಂತಳು. ಭಾವ ಅಷ್ಟರಲ್ಲಿ ಕಾಲನ್ನು ಮೇಲೆಳೆದುಕೊಂಡು ಏನೂ ಆಗದವರಂತೆ ಕೂತಿದ್ದರು. ಕಣ್ಣು ತುಂಬಿತ್ತು.

"ಚೆನ್ನಾಗಿ ಓಡಿಸಿದೆ ಮಗಳೇ" ಎಂದರು.

"ಕಾಲು ಇಳೀತು" ಎಂದಳು ಜಡ್ಜಮ್ಮ.

"ಒಂಚೂರು."

"ಇಳೀತು. ನಾನು ನೋಡ್ದೆ. ಇನ್ನೊಂದು ಸಲ."

ಎಷ್ಟೋ ಜನಕ್ಕೆ ಇದೇ ಮಾತು ಹೇಳಿ ಮನೆಗೆ ಕಳಿಸಿದ ಮೇಷ್ಟರು ಕಾಲನ್ನು ಮತ್ತೆ ಸರಿಯಾಗಿ ಮಡಚಿಕೊಂಡರು. ನನಗೆ ನಗು ತಡೆಯಲಾಗಲಿಲ್ಲ. ಅವಳು ಪೆಡಲಿನ ಮೇಲೆ ಕಾಲಿಟ್ಟವಳು ನನ್ನ ಕಡೆ ತಿರುಗಿದಳು.

"ಮಾವ, ನೀನೂ."

"ನಾನೇನ್ ಮಾಡ್ದೆ?"

ಅವಳು ಗಾಯದ ಗಲ್ಲದಿಂದಲೇ ಕೆಳಗೆ ತೋರಿಸಿದಳು. ನನ್ನ ಬಲಗಾಲು ಮುಂದೆ ಚಾಚಿಕೊಂಡು, ಬೆರಳುಗಳೆಲ್ಲ ಬೆಳ್ಳಗಾಗುವಷ್ಟು ಬಲವಾಗಿ ನೆಲವನ್ನು ಒತ್ತಿ ಹಿಡಿದಿತ್ತು. ಚಪ್ಪಲಿಯ ಉಂಗುಷ್ಠ ಕಿತ್ತುಹೋಗಿತ್ತು.

ನಾನು ಕಟ್ಟೆ ಹತ್ತಿದೆ. ಭಾವ ಸ್ವಲ್ಪ ಸರಿದು ಜಾಗ ಬಿಟ್ಟರು. ನಾವಿಬ್ಬರೂ ಕಾಲು ಮಡಚಿ ಕೂತದ್ದು ಸರಿಯಾಗಿದೆಯೇ ಎಂದು ಒಮ್ಮೆ ನೋಡಿಕೊಂಡು, ಅವಳು ಮತ್ತೆ ಹೊರಟಳು.