ಲೆಕ್ಕದಕ್ಕನ ಮೂವತ್ತು ಡಿಗ್ರಿ

ಕಾರ್ಖಾನೆಯಲ್ಲಿ ಎಲ್ಲರೂ ಅವಳನ್ನು ಲೆಕ್ಕದಕ್ಕ ಎನ್ನುತ್ತಿದ್ದರು. ಅಂಟಿನಲ್ಲಿ ಅದ್ದಿದ ನಾರನ್ನು ಪದರ ಪದರವಾಗಿ ಸುತ್ತಿ ಮಾಡಿದ ಸಿಲಿಂಡರನ್ನು ತಟ್ಟಿದರೆ, ಅದು ಸೆಕೆಂಡಿಗೆ ಎಷ್ಟು ಸಲ ಕಂಪಿಸುತ್ತದೆಂದು ತಟ್ಟುವ ಮೊದಲೇ ಹೇಳುವುದು ಅವಳ ಕೆಲಸ. ಹನ್ನೊಂದು ವರ್ಷದಲ್ಲಿ ಅವಳು ಸವೆಸಿದ ಪೆನ್ಸಿಲುಗಳನ್ನು ಸಾಲಾಗಿಟ್ಟರೆ ಚಂದ್ರನವರೆಗೆ ಹೋಗಿ, ಮರೆತ ರಬ್ಬರಿಗಾಗಿ ವಾಪಸು ಬರಬಹುದಿತ್ತು.

ಅಂದು ಅವಳು ನೂರ ಎಂಬತ್ತು ಎಂದಿದ್ದಳು. ಸುತ್ತಿಗೆಯಿಂದ ತಟ್ಟಿದಾಗ ಅಳೆಯುವ ಯಂತ್ರ ಇನ್ನೂರ ನಲವತ್ತು ತೋರಿಸಿತು.

"ಒಳಗೆ ಪದರ ಕೆಟ್ಟಿರಬೇಕು. ಗುಜರಿಗೆ ಹಾಕಿ," ಎಂದರು ಮ್ಯಾನೇಜರು.

ಅದು ಅವಳ ಸೋದರಮಾವನ ಮೂರು ವಾರದ ದುಡಿಮೆ! "ಹತ್ತೇ ನಿಮಿಷ ತಡೀರಿ ಸಾರ್!" ಎಂದು ಅವಳು ಮಾವ ನಾರು ಸುತ್ತುವ ಶೆಡ್ಡಿಗೆ ಓಡಿದ ರಭಸಕ್ಕೆ ಗೋಡೆಯ ಕ್ಯಾಲೆಂಡರು ಎರಡು ತಿಂಗಳು ಮುಂದಕ್ಕೆ ಹೋಯಿತು.

"ಮಾವ, ನಾರನ್ನ ಎಷ್ಟು ಓರೆಯಾಗಿ ಸುತ್ತಿದ್ರಿ?"

"ನಕ್ಷೇಲಿ ಇದ್ದ ಹಾಗೆ, ಮೂವತ್ತು ಡಿಗ್ರಿ."

"ಎಲ್ಲಿಂದ ಅಳೆದು?"

"ಸಿಲಿಂಡರಿನ ಹೊಟ್ಟೆ ಸುತ್ತಿನಿಂದ. ಸೊಂಟ ಅಳೆಯೋಕೆ ಟೇಪನ್ನ ತಲೆಯಿಂದ ಕಾಲಿಗೆ ಹಿಡೀತಾರೇನೇ?"

ಅವಳು ನಕ್ಷೆಯನ್ನು ಕಿತ್ತುಕೊಂಡು ನೋಡಿದಳು. ಮೂಲೆಯ ಸಣ್ಣಕ್ಷರವೂ ಅದನ್ನೇ ಹೇಳುತ್ತಿತ್ತು. ಅವಳು ಮಾತ್ರ ಕೋನವನ್ನು ಸಿಲಿಂಡರಿನ ಉದ್ದದಿಂದ ಎಂದುಕೊಂಡು ಲೆಕ್ಕ ಹಾಕಿದ್ದಳು! ನಾರು ಸುತ್ತಿನ ಕಡೆಗೆ ವಾಲಿದ್ದರಿಂದ ಸಿಲಿಂಡರಿನ ಹೊಟ್ಟೆ ಬಿಗಿಯಾಗಿತ್ತು. ಬಿಗಿಯಾದದ್ದು ಬೇಗ ಬೇಗ ಕಂಪಿಸುತ್ತದೆ. ಕೋನ ಬದಲಿಸಿ ಮತ್ತೆ ಲೆಕ್ಕ ಹಾಕಿದಾಗ ಇನ್ನೂರ ಮೂವತ್ತೊಂಬತ್ತು ಬಂತು.

"ತಪ್ಪು ನಂದೇ ಸಾರ್! ನಂದೇ! ಸಿಲಿಂಡರ್ ಸರಿಯಾಗೇ ಇದೆ!" ಎಂದು ಕೂಗುತ್ತಾ ಅವಳು ಮ್ಯಾನೇಜರ ಬಳಿಗೆ ಓಡಿಬಂದು ಕುಣಿದಳು.

"ತಪ್ಪು ಮಾಡಿ ಇಷ್ಟು ಕುಣಿಯೋರನ್ನ ನಾನು ನೋಡೇ ಇಲ್ಲಮ್ಮ," ಎನ್ನುತ್ತಾ ಮ್ಯಾನೇಜರು ಸಿಲಿಂಡರಿಗೆ 'ಪಾಸ್' ಎಂಬ ಚೀಟಿ ಅಂಟಿಸಿದರು.