ಚುಕ್ಕಿಯಕ್ಕನ ಒಂಬತ್ತು ಗಿರಾಕಿಗಳು

ದರ್ಜಿ ಅಂಗಡಿಯ ಮೇಲಿನ ಎರಡು ಕೋಣೆಗಳಲ್ಲಿ ಬಾಡಿಗೆಗಿದ್ದ ಚುಕ್ಕಿಯಕ್ಕನಿಗೆ ಹೆತ್ತವರು ಇಟ್ಟ ಹೆಸರೂ ಒಂದಿತ್ತು. ಅದು ಪಿಂಚಣಿ ಕಾಗದದಲ್ಲಿ ಮಾತ್ರ ಉಳಿದಿತ್ತು. ಗಡಿಯಾರದ ಕಾರ್ಖಾನೆಯ ಡಯಲ್ ವಿಭಾಗದಲ್ಲಿ ಮೂವತ್ತೊಂದು ವರ್ಷ ಕೂತು, ಕತ್ತಲಲ್ಲಿ ಹೊಳೆಯುವ ಬಣ್ಣದ ಚುಕ್ಕಿ ಇಟ್ಟವಳನ್ನು ಜನ ಬೇರೆ ಏನೆಂದು ಕರೆದಾರು? ಕಾರ್ಖಾನೆ ಬಾಗಿಲು ಹಾಕಿತು, ಹೆಸರು ಮಾತ್ರ ಅಂಟಿಕೊಂಡೇ ಇತ್ತು.

ಉಪ್ಪು ಹಾಕುವುದಕ್ಕೂ ಚಿಮುಟ ಬೇಕು ಅನ್ನುವಂಥ ಹೆಂಗಸು ಅವಳು. ದರ್ಜಿ ಹೊಲಿದು ತೂಗುಹಾಕಿದ ಅಂಗಿಯ ಮೂರನೆಯ ಗುಂಡಿ ಕೂದಲೆಳೆಯಷ್ಟು ಎಡಕ್ಕಿದೆ ಎಂದು ಮೆಟ್ಟಿಲ ಮೇಲಿಂದಲೇ ಹೇಳಿಬಿಡುತ್ತಿದ್ದಳು. ದರ್ಜಿ ಮೊದಮೊದಲು ಟೇಪು ಹಿಡಿದು ವಾದಕ್ಕೆ ನಿಲ್ಲುತ್ತಿದ್ದ. ಟೇಪು ಪ್ರತಿ ಸಲವೂ ಅವಳ ಪಕ್ಷವನ್ನೇ ಸೇರಿದ ಮೇಲೆ, ಅವಳು ಇಳಿದು ಬರುವ ಸದ್ದಾದರೆ ಅಂಗಿಗಳನ್ನು ತಿರುಗಿಸಿ ಬೆನ್ನು ಕಾಣುವಂತೆ ತೂಗುಹಾಕುವುದನ್ನು ಕಲಿತ.

ಅವಳಿಗೊಬ್ಬ ತಮ್ಮ. ಎರಡು ಬೀದಿ ಆಚೆ ಅವನ ಗಡಿಯಾರ ರಿಪೇರಿ ಅಂಗಡಿ. ಎತ್ತಿ ಆಡಿಸಿದ್ದು ಅಕ್ಕ, ಕೆಲಸ ಕಲಿಸಿದ್ದು ಅಕ್ಕ, ಕಣ್ಣಿಗೆ ಸಿಕ್ಕಿಸಿಕೊಳ್ಳುವ ಮೊದಲ ಭೂತಗನ್ನಡಿ ಕೊಡಿಸಿದ್ದೂ ಅಕ್ಕ. ಹಾಗಾಗಿ ಅರವತ್ತರ ಹೊಸ್ತಿಲಲ್ಲಿದ್ದರೂ ಅವಳ ಮುಂದೆ ಅವನು ಇವತ್ತಿಗೂ ಕೈಕಟ್ಟಿಯೇ ನಿಲ್ಲುವವ. ಮೂರು ವರ್ಷದಿಂದ, ವರ್ಷಕ್ಕೆ ಮೂರು ಸಲ ಕೆಮ್ಮಿನ ಮಾತ್ರೆಯ ತಗಡಿನ ಡಬ್ಬಿಯಲ್ಲಿ ಒಂದು ಡಯಲ್ ತಂದು ಅವಳ ಮೇಜಿನ ಮೇಲಿಡುತ್ತಿದ್ದ. ಹಳೆಯ ಚುಕ್ಕಿಗಳನ್ನು ಅವನೇ ಕೆರೆದು ತಂದಿರುತ್ತಿದ್ದ. ಹೊಸದನ್ನು ಇಡುವುದು ಅಕ್ಕನ ಪಾಲಿನ ಕೆಲಸ.

ಒಂದು ದಿನ ಮೇಷ್ಟ್ರದ್ದು, ಇನ್ನೊಂದು ದಿನ ನರ್ಸಮ್ಮನದು, ಮತ್ತೊಂದು ದಿನ ಬಸ್ ಡ್ರೈವರನದು. ಎಲ್ಲವೂ ಒಂದೇ ಮಾದರಿ: ಗಡಿಯಾರ ಹೊಸದೇ, ಆದರೆ ಅಜ್ಜನ ಕಾಲದ್ದರಂತೆ ಕಾಣಬೇಕೆಂದು ಚುಕ್ಕಿಗಳಿಗೆ ಮಾಸಲು ಕೆನೆಬಣ್ಣ. ಊರಿಗೂರೇ ಒಂದೇ ಗಡಿಯಾರದ ಹಿಂದೆ ಬಿದ್ದಿದೆಯಾ ಎಂದು ಅವಳು ಕೇಳಿದರೆ, ಈಗ ಹಳೆಯದರಂತೆ ಕಾಣುವುದೇ ಫ್ಯಾಶನ್ ಎಂದು ತಮ್ಮ ಹೇಳುತ್ತಿದ್ದ. ಮುದಿತನಕ್ಕೆ ಇಷ್ಟು ಬೇಡಿಕೆ ಇದೆ ಎಂದು ಗೊತ್ತಿದ್ದರೆ ಕನ್ನಡಿಯ ಜೊತೆ ತಾನು ಇಷ್ಟು ವರ್ಷ ಜಗಳವಾಡುತ್ತಿರಲಿಲ್ಲ ಎಂದು ಚುಕ್ಕಿಯಕ್ಕ ನಕ್ಕಿದ್ದಳು.

ಕೆಲಸ ನೋಡುವವರಿಗೆ ಏನೂ ಅಲ್ಲ. ಗಾಜಿನ ಚೂರಿನ ಮೇಲೆ ಹೊಳೆಯುವ ಪುಡಿ ಸ್ವಲ್ಪ, ವಾರ್ನಿಶ್ ಎರಡು ತೊಟ್ಟು, ಕೆನೆಬಣ್ಣ ಬರಲು ಕಂದು ಹಳದಿ ಒಂದು ಚಿಟಿಕೆ ಹಾಕಿ ಜೇನಿನಷ್ಟು ಮಂದವಾಗುವವರೆಗೆ ಕಲಸಬೇಕು. ಬಿದಿರುಕಡ್ಡಿಯ ಚೂಪು ತುದಿಯಲ್ಲಿ ಒಂದೇ ಹನಿ ಎತ್ತಿ, ಡಯಲ್ಲಿನ ಮೇಲೆ ಅಚ್ಚಾದ ಪುಟ್ಟ ಉಂಗುರದ ನಡುವೆ ಇಳಿಬಿಡಬೇಕು. ಹನಿ ತಾನಾಗಿ ಅಂಚಿನವರೆಗೆ ಹರಡಿ ನಿಲ್ಲುತ್ತದೆ. ತಿದ್ದಲು ಹೋದರೆ ಕೆಟ್ಟಿತು. ಹನ್ನೆರಡರ ಜಾಗದಲ್ಲಿ ಮುಕ್ಕೋನ, ಉಳಿದ ಹನ್ನೊಂದು ಕಡೆ ಚುಕ್ಕಿ. ಉಸಿರನ್ನು ಯಾವಾಗ ಹಿಡಿಯಬೇಕು, ಯಾವಾಗ ಬಿಡಬೇಕು ಅನ್ನುವುದರಲ್ಲೇ ಇದೆ ವಿದ್ಯೆಯೆಲ್ಲ.

ಒಣಗಿದ ಮೇಲೆ ಡಯಲನ್ನು ಕಿಟಕಿಯ ಬಿಸಿಲಿಗೆ ಹಿಡಿದು, ಆಮೇಲೆ ಕತ್ತಲಲ್ಲಿ ನೋಡಬೇಕು. ಕಾರ್ಖಾನೆಯಲ್ಲಿ ಇದಕ್ಕೆಂದೇ ಒಂದು ಕತ್ತಲೆ ಕೋಣೆ ಇತ್ತು. ಮನೆಯಲ್ಲಿ ಅದರ ಬದಲು ಒಂದು ಕರಿ ಕೋಟು. ಯಾವನೋ ಅಳತೆ ಕೊಟ್ಟು ಹೊಲಿಸಿ ಒಯ್ಯಲು ಮರೆತದ್ದನ್ನು ದರ್ಜಿ ಅವಳಿಗೆ ದಾಟಿಸಿದ್ದ. ಹಾಡುಹಗಲಲ್ಲಿ ಅದನ್ನು ತಲೆಯ ಮೇಲೆ ಹೊದ್ದು ಚುಕ್ಕಿಯಕ್ಕ ಕುರ್ಚಿಯಲ್ಲಿ ಕೂತಿರುತ್ತಿದ್ದಳು. ಹಾಲಿನವಳು ಬಂದರೆ ಕೋಟಿನ ಒಳಗಿಂದಲೇ ಅರ್ಧ ಲೀಟರ್ ಸಾಕು ಅನ್ನುತ್ತಿದ್ದಳು.

ಕೊನೆಗೊಂದು ಗುರುತು. ಡಯಲ್ ವಿಭಾಗದ ಪ್ರತಿಯೊಬ್ಬಳೂ ತಾನು ಮುಗಿಸಿದ ಡಯಲ್ಲಿನ ಬೆನ್ನ ಮೇಲೆ ಸೂಜಿಯಿಂದ ತನ್ನದೊಂದು ಗೀರು ಹಾಕಬೇಕಿತ್ತು. ಚುಕ್ಕಿಯಕ್ಕನದು ಪುಟ್ಟ ಕೊಕ್ಕೆ. ಮಾಲು ಸರಿಯಿಲ್ಲದಿದ್ದರೆ ಪರೀಕ್ಷಕರು ಆ ಗುರುತಿನ ಮೇಲೆ ಅಡ್ಡಗೀಟು ಎಳೆದು ವಾಪಸು ಕಳಿಸುತ್ತಿದ್ದರು. ಮೂವತ್ತೊಂದು ವರ್ಷದಲ್ಲಿ ತನ್ನ ಕೊಕ್ಕೆಗೆ ಬಿದ್ದ ಅಡ್ಡಗೀಟು ನಾಲ್ಕೇ ನಾಲ್ಕು ಎಂದು ಅವಳು ಕೇಳಿದವರಿಗೂ ಕೇಳದವರಿಗೂ ಹೇಳಿದ್ದಳು. ಮನೆಯಲ್ಲೂ ಕೊಕ್ಕೆ ಹಾಕುವುದನ್ನು ಬಿಡಲಿಲ್ಲ. ನೋಡದೆಯೇ, ಬೆರಳಿನ ಅಭ್ಯಾಸದಿಂದ ಹಾಕುತ್ತಿದ್ದಳು.

ನೋಡದೆಯೇ ಎಂದೆನಲ್ಲ, ಅಲ್ಲೇ ಇತ್ತು ತೊಂದರೆ. ಮೂರು ವರ್ಷದಿಂದ ಅವಳ ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಅವಳು ಮಾತ್ರ ಒಪ್ಪಲಿಲ್ಲ. ಕುಣಿಯಲಾರದವಳು ನೆಲ ಡೊಂಕು ಅಂದ ಹಾಗೆ, ಈಗಿನ ಬಲ್ಬುಗಳಲ್ಲಿ ಸತ್ವವಿಲ್ಲ ಎಂದು ವರ್ಷದಲ್ಲಿ ಆರು ಬಲ್ಬು ಬದಲಾಯಿಸಿದಳು. ಕೊನೆಗೊಂದು ಬೆಳಗ್ಗೆ ದರ್ಜಿಯ ಅಂಗಡಿಯ ಮುಂದೆ ನಿಂತು ಐದು ನಿಮಿಷ ಅವನ ಹೆಂಡತಿಯ ಮಂಡಿನೋವು ವಿಚಾರಿಸಿದಳು. ಉತ್ತರ ಬರಲಿಲ್ಲ, ಏಕೆಂದರೆ ಅವಳು ಮಾತಾಡಿಸಿದ್ದು ಅಂಗಡಿಯ ಗೊಂಬೆಯನ್ನು. ದರ್ಜಿ ಒಳಗೆ ಗುಂಡಿ ಹೊಲಿಯುತ್ತ ಎಲ್ಲವನ್ನೂ ಕೇಳುತ್ತಿದ್ದ. ಅಷ್ಟು ವರ್ಷದ ಗುಂಡಿಗಳ ಸೇಡು ಅವತ್ತು ತೀರಿತು. ಆ ವಾರವೇ ಅವಳು ಆಸ್ಪತ್ರೆಗೆ ಹೋಗಿ ಒಂದಾದ ಮೇಲೊಂದರಂತೆ ಎರಡೂ ಕಣ್ಣಿನ ಪೊರೆ ತೆಗೆಸಿಕೊಂಡಳು.

ಹೊಸ ಕಣ್ಣಿಗೆ ಮೊದಲು ಕಂಡದ್ದು ಮನೆಯ ಧೂಳು, ಆಮೇಲೆ ಮುಖದ ಸುಕ್ಕು, ಆಮೇಲೆ ದರ್ಜಿಯ ಗುಂಡಿಗಳು. ಕೈ ತುರಿಸತೊಡಗಿತು. ಕೆಲಸ ತಾ ಎಂದು ತಮ್ಮನಿಗೆ ಹೇಳಿ ಕಳಿಸಿದಳು. ಅವನು ಐದು ವಾರ ಏನೇನೋ ನೆಪ ಹೇಳಿದ. ಅವಳಿಗೂ ಒಳಗೊಳಗೆ ಅಳುಕಿತ್ತು: ಕಣ್ಣು ಬಂದಿದೆ, ಕೈ ಉಳಿದಿದೆಯೇ? ಈ ಸಲದ ಡಯಲ್ ಕೆಟ್ಟರೆ ಬಿದಿರುಕಡ್ಡಿಯನ್ನು ಮುರಿದು ಒಲೆಗೆ ಹಾಕುವುದು, ಮತ್ತೆ ಆ ಮಾತೆತ್ತುವುದಿಲ್ಲ ಎಂದು ನಿರ್ಧಾರ ಮಾಡಿದಳು. ಅದನ್ನು ತಮ್ಮನಿಗೂ ಹೇಳಿದಳು. ಮರುದಿನ ಅವನು ಡಬ್ಬಿ ತಂದಿಟ್ಟು, ಬೇಕರಿಯವನದು ಎಂದು ಗೋಡೆಯ ಕಡೆ ನೋಡುತ್ತ ಹೇಳಿ, ಚಹಾ ಕೂಡ ಕುಡಿಯದೆ ಹೊರಟ.

ಚುಕ್ಕಿಯಕ್ಕ ಭೂತಗನ್ನಡಿ ಸಿಕ್ಕಿಸಿಕೊಂಡು ಡಯಲ್ ಎತ್ತಿದಳು. ಉಂಗುರಗಳ ಸುತ್ತ ಸೂಜಿ ಆಡಿದ ಗೀಚು. ಕೆರೆಯುವುದಕ್ಕೆ ಬಿದಿರುಕಡ್ಡಿಯನ್ನೇ ಹಿಡಿಯಬೇಕೆಂದು ಇವನಿಗೆ ಎಷ್ಟು ಸಲ ಹೇಳಿಲ್ಲ ಎಂದು ಗೊಣಗುತ್ತ, ಗೀಚು ಆಳಕ್ಕೆ ಹೋಗಿದೆಯೇ ನೋಡೋಣವೆಂದು ಡಯಲ್ ತಿರುಗಿಸಿದಳು.

ಬೆನ್ನ ಮೇಲೆ ಕೊಕ್ಕೆ ಇತ್ತು. ಒಂದಲ್ಲ, ಒಂಬತ್ತು. ಒಂದರ ಪಕ್ಕ ಒಂದು, ಎರಡು ಕಡೆ ಒಂದರ ಮೇಲೊಂದು. ಎಲ್ಲವೂ ಅವಳದೇ ಕೈ.

ಮೊದಲು ಅರ್ಥವಾಗಲಿಲ್ಲ. ಆಮೇಲೆ ಅರ್ಥವಾದದ್ದು ಬೇಡವೆನಿಸಿತು. ವರ್ಷಕ್ಕೆ ಮೂರರಂತೆ ಮೂರು ವರ್ಷ, ಮೇಷ್ಟ್ರು, ನರ್ಸಮ್ಮ, ಡ್ರೈವರು, ಅವರ ಹಿಂದೆ ಬಂದ ಅಷ್ಟೂ ಜನ ಈ ಒಂದು ಬಿಲ್ಲೆಯ ಬೆನ್ನ ಮೇಲೆ ಸಾಲಾಗಿ ನಿಂತಿದ್ದರು. ಅವಳು ಚುಕ್ಕಿ ಇಡುವುದು, ಅವನು ಒಯ್ದು ಕೆರೆಯುವುದು, ಹೊಸ ಗಿರಾಕಿಯನ್ನು ಹುಟ್ಟಿಸಿ ಮತ್ತೆ ತರುವುದು. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿಯುತ್ತದಂತೆ. ಇಲ್ಲಿ ಕಣ್ಣು ಮುಚ್ಚಿದ್ದು ಅಕ್ಕನದು, ಬೆಕ್ಕಿಗೆ ಅಷ್ಟೂ ಶ್ರಮವಿರಲಿಲ್ಲ.

ಚುಕ್ಕಿಯಕ್ಕನಿಗೆ ಸಿಟ್ಟು ಬಂತು. ಸಿಟ್ಟಿನ ಹಿಂದೆಯೇ ನಾಚಿಕೆ ಬಂತು, ಅದು ಸಿಟ್ಟಿಗಿಂತ ದೊಡ್ಡದು. ಕೈ ತೊಳೆಯುವಾಗ ಗಡಿಯಾರ ಬಿಚ್ಚಿಡು ಎಂದು ನರ್ಸಮ್ಮನಿಗೆ ಬುದ್ಧಿ ಹೇಳಿ ಕಳಿಸಿದ್ದಳು. ಮೇಷ್ಟ್ರು ಮೆಚ್ಚಿಕೊಂಡರಂತೆ ಎಂದು ಕೇಳಿ ಒಂದು ವಾರ ಬೀಗಿದ್ದಳು. ಇಲ್ಲದ ಮೇಷ್ಟ್ರ ಮೆಚ್ಚುಗೆ! ಅವಳು ಕೋಟು ಹೊದ್ದು ಕೂತಳು. ಡಯಲ್ಲಿನ ಮೇಲೆ ಹೊಳೆಯುವುದು ಏನೂ ಇರಲಿಲ್ಲ, ಸುಮ್ಮನೆ ಅಳುವುದಕ್ಕೆ ಕೂತಳು. ಹಾಲಿನವಳು ಬಂದು ಕೂಗಿದರೆ ಒಳಗಿಂದ ಅರ್ಧ ಲೀಟರ್ ಎಂದು ಮಾತ್ರ ಹೇಳಿದಳು.

ಮರುದಿನ ಎದ್ದು ಬಣ್ಣ ಕಲಸಿದಳು. ಹೊಸ ಕಣ್ಣಿಗೆ ಕೆನೆಬಣ್ಣ ಎಂದರೆ ಏನೆಂದು ಈಗ ತಿಳಿಯಿತು. ಹಳೆಯ ಗಾಜಿನ ಚೂರಿನಲ್ಲಿ ಒಣಗಿ ಉಳಿದಿದ್ದ ತನ್ನ ಹಿಂದಿನ ಕೆನೆಬಣ್ಣ ಸುಣ್ಣದಷ್ಟು ಬಿಳಿಯಾಗಿತ್ತು; ಪೊರೆ ಬಂದ ಕಣ್ಣು ಬಿಳಿಯನ್ನೂ ಹಳದಿಯಾಗಿ ತೋರಿಸಿತ್ತು. ಮೊದಲ ಸಲ ನಾಲ್ಕನೆಯ ಚುಕ್ಕಿ ಉಂಗುರ ದಾಟಿ ಹರಿಯಿತು. ಎಲ್ಲವನ್ನೂ ಬಿದಿರುಕಡ್ಡಿಯಿಂದ ಎಬ್ಬಿಸಿದಳು. ಎರಡನೆಯ ಸಲ ಉಸಿರು ತಪ್ಪಿತು. ಮೂರನೆಯ ದಿನ ಮುಕ್ಕೋನ ಅಂಚು ತಪ್ಪದೆ ಕೂತಿತು, ಒಂದು ಕೂತಿತು, ಎರಡು ಕೂತಿತು. ಹತ್ತು ಚುಕ್ಕಿ ಹೇಳಿ ಮಾಡಿಸಿದಂತೆ ಕೂತವು. ಏಳರದು ಮಾತ್ರ ಒಂದು ಎಳೆ ದಪ್ಪವಾಯಿತು.

ಅದನ್ನೂ ಎಬ್ಬಿಸಬಹುದಿತ್ತು. ಎಬ್ಬಿಸಲಿಲ್ಲ. ತಮ್ಮ ನೋಡಲಿ ಎಂದುಕೊಂಡಳು. ಈ ಸಲವೂ ಅವನು ಬಾಯಿ ತುಂಬ ಹೊಗಳಿದರೆ, ತಾನು ಅವನ ಪಾಲಿಗೆ ಸಮಾಧಾನ ಮಾಡಿ ಕೂರಿಸಬೇಕಾದ ಮುದುಕಿ ಎಂದೇ ಅರ್ಥ. ಕಡ್ಡಿಗೆ ಒಲೆಯೇ ಗತಿ. ಆಮೇಲೆ ಡಯಲ್ ತಿರುಗಿಸಿ, ಬೆನ್ನ ಮೇಲಿನ ಒಂಬತ್ತು ಕೊಕ್ಕೆಗಳಿಗೂ ಒಂದೊಂದು ಅಡ್ಡಗೀಟು ಎಳೆದು, ಪಕ್ಕದಲ್ಲಿ ಹತ್ತನೆಯದನ್ನು ಹಾಕಿದಳು.

ತಮ್ಮ ಭಾನುವಾರ ಮಧ್ಯಾಹ್ನ ಬಂದ. ಡಬ್ಬಿ ತೆರೆದು ಡಯಲನ್ನು ಬೆಳಕಿಗೆ ಹಿಡಿದ. ಇಷ್ಟು ನೆಟ್ಟಗಿರುತ್ತದೆ ಎಂದು ಅವನು ಎಣಿಸಿರಲಿಲ್ಲ. ಆದರೆ ಮೂರು ವರ್ಷದ ಅಭ್ಯಾಸ ನೋಡಿ, ಬಾಯಿ ತಾನಾಗಿ ತೆರೆದುಕೊಂಡಿತು: ಬೇಕರಿಯವನಿಗೆ ತುಂಬಾ ಖುಷಿಯಾಗುತ್ತದೆ, ಪಾಪ ಬೆಳಗಿನ ಜಾವ ಎದ್ದು ಹಿಟ್ಟು ಕಲಸುವವನು ಎಂದು ಶುರುಮಾಡಿದ.

"ತಿರುಗಿಸಿ ನೋಡು," ಅಂದಳು ಅಕ್ಕ.

ಅವನು ತಿರುಗಿಸಿದ. ನಿಂತಿದ್ದವನು ಕುರ್ಚಿ ಎಳೆದು ಕೂತ. ಆಮೇಲೆ ನಿಧಾನವಾಗಿ ಎಲ್ಲ ಹೇಳಿದ. ಮೊದಲನೆಯ ಗಿರಾಕಿ ಮಾತ್ರ ನಿಜದವರು, ಒಬ್ಬ ರೈಲ್ವೆ ಗಾರ್ಡು. ಅಕ್ಕ ಮಾಡಿಕೊಟ್ಟಿದ್ದನ್ನು ನೋಡಿ, ಗಡಿಯಾರದ ಮೇಲೆ ಸುಣ್ಣ ಸಿಡಿದಂತಿದೆ ಎಂದರಂತೆ. ಅವರಿಗೆ ಅಂಗಡಿಯ ಬೇರೊಂದು ಗಡಿಯಾರ ಕೊಟ್ಟು, ಇದನ್ನು ಇವನೇ ಇಟ್ಟುಕೊಂಡ. ಹೇಳೋಣವೆಂದು ಮೆಟ್ಟಿಲು ಹತ್ತಿ ಬಂದರೆ, ಅಕ್ಕ ಮುಂದಿನ ಕೆಲಸಕ್ಕೆಂದು ಗಾಜು ಒರೆಸುತ್ತ ಕೂತಿದ್ದಳು.

"ನಿನ್ನ ಮುಖ ನೋಡಿ ಹೇಳೋಕೆ ಬಾಯಿ ಬರ್ಲಿಲ್ಲ ಅಕ್ಕ."

"ಮೇಷ್ಟ್ರಿಗೆ ಮಂಡಿನೋವು ಅಂತ ನೀನೇ ಅಂದಿದ್ದೆ."

"ಅದು ದರ್ಜಿ ಹೆಂಡ್ತಿದು."

ಸುಳ್ಳಿಗೂ ಇವನಿಗೆ ಸ್ವಂತದ ಸಾಮಾನು ಇರಲಿಲ್ಲ. ಚುಕ್ಕಿಯಕ್ಕನಿಗೆ ನಗು ಬಂತು, ನುಂಗಿಕೊಂಡಳು. ಗಾರ್ಡಿಗೆ ಈಗಲಾದರೂ ಇದನ್ನು ಮುಟ್ಟಿಸು ಎಂದಳು. ಅವರು ನಿವೃತ್ತರಾಗಿ ಊರು ಬಿಟ್ಟು ಎರಡು ವರ್ಷವಾಯಿತಂತೆ. ಹಾಗಾದರೆ ಇದಕ್ಕೆ ಗಿರಾಕಿ ನೀನೇ ಎಂದು, ಡಯಲನ್ನು ಕಿಟಕಿಯ ಬಿಸಿಲಿಗೆ ಹಿಡಿದು, ಬಿದಿರುಕಡ್ಡಿಯನ್ನು ಮೇಜಿನ ಮೇಲೆ ಅವನಿಗೆ ಕಾಣುವಂತೆ ಇಟ್ಟಳು. ಆಮೇಲೆ ಕರಿ ಕೋಟು ತಂದು ಇಬ್ಬರ ತಲೆಯ ಮೇಲೂ ಎಳೆದುಕೊಂಡಳು.

ಕೋಟು ಒಬ್ಬರ ಅಳತೆಗೆ ಹೊಲಿದದ್ದು. ಒಳಗೆ ನಾಲ್ಕು ಮೊಣಕೈಗಳಿಗೆ ಜಾಗವಿರಲಿಲ್ಲ. ಅವನ ಕಿವಿ ಅವಳ ಕೆನ್ನೆಗೆ ತಾಗುತ್ತಿತ್ತು. ಮೇಲೆ ಮುಕ್ಕೋನ, ಸುತ್ತ ಹನ್ನೊಂದು ಚುಕ್ಕಿ ಹಸಿರಾಗಿ ಹೊಳೆಯುತ್ತಿದ್ದವು. ಅವನು ಭೂತಗನ್ನಡಿ ಸಿಕ್ಕಿಸಿಕೊಂಡು ಬಹಳ ಹೊತ್ತು ನೋಡಿದ. ಚುಕ್ಕಿಯಕ್ಕ ಚುಕ್ಕಿ ಇಡುವಾಗ ಹಿಡಿಯುವ ಹಾಗೆ ಉಸಿರು ಹಿಡಿದಿದ್ದಳು.

"ಅಕ್ಕ," ಅಂದ ಅವನು. "ಏಳರದ್ದು ಒಂಚೂರು ದಪ್ಪ ಆಗಿದೆ."

ಅವಳು ಉಸಿರು ಬಿಟ್ಟಳು. ಮೂರು ವರ್ಷದಲ್ಲಿ ಅವನು ಆಡಿದ ಅಷ್ಟೂ ಹೊಗಳಿಕೆಯಲ್ಲಿ ಇಷ್ಟು ಸಂತೋಷ ಕೊಟ್ಟ ಮಾತು ಒಂದೂ ಇರಲಿಲ್ಲ.

"ಗೊತ್ತು," ಅಂದಳು. "ಕೂತ್ಕೊಂಡು ಅದೊಂದನ್ನ ಎಬ್ಬಿಸು, ನಾನು ಬಣ್ಣ ಕಲಸ್ತೀನಿ. ಬಿದಿರುಕಡ್ಡಿ ತಗೋ. ಸೂಜಿ ಮುಟ್ಟಿದ್ರೆ ನೋಡು."

ಅವನು ಕೋಟಿನಿಂದ ಹೊರಬಂದು, ಕೆದರಿದ ತಲೆಯಲ್ಲೇ ಮೇಜಿಗೆ ಕೂತು, ಕಡ್ಡಿ ಎತ್ತಿಕೊಂಡ.