ಕೋಣ ಉಳಿದ ವರ್ಷ

ದೇವದುರ್ಗದ ಹತ್ತಿರದ ನಮ್ಮ ಊರಿನಲ್ಲಿ ದೇವಿಗೆ ಬಲಿಯ ಕೋಣ ಕಡಿಯುವ ಕೆಲಸ ತಲೆಮಾರುಗಳಿಂದ ನಮ್ಮ ಮನೆಗೇ ಅಂಟಿಕೊಂಡಿತ್ತು. ಗುಡಿಯೊಳಗೆ ಮಾತ್ರ ನಾವು ಕಾಲಿಡುವ ಹಾಗಿರಲಿಲ್ಲ. ಎಂಬತ್ತರ ದಶಕದಲ್ಲಿ ಅಪ್ಪ ಬೌದ್ಧನಾದ. ಆ ವರ್ಷ ಗೌಡರು ನಮ್ಮ ಅಂಗಳಕ್ಕೇ ಬಂದು, "ಕತ್ತಿ ತಗೊಂಡು ನಡೀಲೇ," ಎಂದರು.

ಅಪ್ಪ ಕೂತಲ್ಲಿಂದ ಏಳಲಿಲ್ಲ. "ಜೀವ ತೆಗೆಯೂದಿಲ್ಲಂತ ಮಾತು ಕೊಟ್ಟೀನ್ರೀ."

"ಯಾರಿಗಲೇ?"

"ಬುದ್ಧಗ್ರೀ. ರಾಜನ ಮಗ ಇದ್ದಾಂವ, ಮಂದಿ ದುಃಖ ನೋಡಲಾರದ ಅರಮನಿನ ಬಿಟ್ಟ. ನಾ ಬರೇ ಕತ್ತಿ ಬಿಟ್ಟೀನಿ."

ಗೌಡರು ಊರೆಲ್ಲ ಕೇಳಿದರು. ಕತ್ತಿ ಹಿಡಿಯಲು ಒಬ್ಬರೂ ಒಪ್ಪಲಿಲ್ಲ. ಇಡೀ ಊರಿನ ಭಕ್ತಿ ಅಪ್ಪನ ರಟ್ಟೆಯಲ್ಲಿತ್ತೆಂದು ನನಗೆ ಗೊತ್ತಾದದ್ದೇ ಅವತ್ತು.

ಸಂಜೆ ಕೋಣ ಕೊರಳಿನ ಬೇವಿನ ಮಾಲೆಯೊಂದಿಗೆ ನಮ್ಮ ಮನೆ ಮುಂದೆಯೇ ಹಾದುಹೋಯಿತು. ಗೌಡರಿಗೆ ಏಳದ ಅಪ್ಪ ಅದಕ್ಕೆ ಎದ್ದು ನಿಂತ.